ಗಣಕಜಾಲ, ದತ್ತಾಂಶ ಕೇಂದ್ರ, ಕ್ಲೌಡ್: ಪೊಳ್ಳಾಚಿಯಿಂದ ನೋಡಿದಾಗ

"ಸರ್ವರ್ ಕೆಡೈಕ್ಕಲೀಂಗ, ನಾಳೈಕ್ಕು ವಾಂಗ." ಈ ಮಾತನ್ನು ಕೇಳದವರು ನಮ್ಮ ಕಡೆ ಯಾರೂ ಇರಲಾರರು. ಪಟ್ಟಾ ನಕಲಿಗೋ, ವರಮಾನ ಪತ್ರಕ್ಕೋ, ಹಣ ಕಟ್ಟುವುದಕ್ಕೋ ಹಳ್ಳಿಯಿಂದ ಬಸ್ಸು ಹಿಡಿದು ಬಂದು, ಸಾಲಿನಲ್ಲಿ ನಿಂತು, ಕಡೆಗೆ ಈ ಉತ್ತರ ಕೇಳಿ ಹಿಂದಿರುಗಿದರೆ ಒಂದು ದಿನದ ಕೂಲಿ ಹೋದಂತೆಯೇ. ಸರ್ವರ್ ಸಿಗಲಿಲ್ಲ ಎಂದರೆ ಏನು? ಅದು ಎಲ್ಲಿದೆ? ಕೆಟ್ಟಿರುವುದು ಅದೋ, ಅದಕ್ಕೆ ಹೋಗುವ ದಾರಿಯೋ? ಹೆಚ್ಚಿನ ಸಲ ಸರ್ವರ್ ಚೆನ್ನಾಗಿಯೇ ಇರುತ್ತದೆ, ಕೆಟ್ಟಿರುವುದು ದಾರಿ. ಆ ದಾರಿಯ ಬಗ್ಗೆ ಈ ಲೇಖನ.

ಸರ್ವರ್ ಎಂದರೆ ಇತರ ಗಣಕಗಳ ಕೋರಿಕೆಗೆ ಉತ್ತರ ಕೊಡುವ ಗಣಕ, ಅಷ್ಟೆ. ಇಂಥ ಸಾವಿರಾರು ಗಣಕಗಳನ್ನು ಒಂದೇ ಕಟ್ಟಡದಲ್ಲಿ ಜೋಡಿಸಿ, ಹಗಲೂ ರಾತ್ರಿ ವಿದ್ಯುತ್ತು, ತಂಪು, ಕಾವಲು ಒದಗಿಸಿದರೆ ಅದು ದತ್ತಾಂಶ ಕೇಂದ್ರ, ಅಂದರೆ ಡೇಟಾ ಸೆಂಟರ್. ಅಲ್ಲಿನ ಗಣಕಶಕ್ತಿಯನ್ನು ಬೇಕಾದಷ್ಟು ಹೊತ್ತು ಬಾಡಿಗೆಗೆ ಕೊಡುವ ವ್ಯವಸ್ಥೆಗೆ ಕ್ಲೌಡ್ ಎಂದು ಹೆಸರು. ನಮಗೆ ಮೋಡ ಎಂದರೆ ವಾಲ್ಪಾರೈ ಬೆಟ್ಟದ ಮೇಲೆ ಕವಿಯುವ ಮೋಡ ನೆನಪಾಗುತ್ತದೆ. ಈ ಮೋಡ ಮಾತ್ರ ಆಕಾಶದಲ್ಲಿಲ್ಲ. ಚೆನ್ನೈಯ ಅಂಬತ್ತೂರು, ಸಿರುಸೇರಿ, ಬೆಂಗಳೂರಿನ ವೈಟ್‌ಫೀಲ್ಡ್, ಮುಂಬಯಿ, ಹೈದರಾಬಾದ್ ಇಂಥ ಕಡೆ ಕಿಟಕಿಯಿಲ್ಲದ ದೊಡ್ಡ ಕಟ್ಟಡಗಳಲ್ಲಿ ನೆಲಕ್ಕೆ ಅಂಟಿಕೊಂಡೇ ಇದೆ. ನಮ್ಮ ಮೊಬೈಲಿನಿಂದ ಅಲ್ಲಿಗೆ ತಲುಪಿಸುವುದೇ ಗಣಕಜಾಲ, ಅಂದರೆ ನೆಟ್‌ವರ್ಕ್.

ಕಟ್ಟು ಕಟ್ಟಾಗಿ ಹೋಗುವ ಮಾಹಿತಿ

ನೆಗಮಂನ ನೇಕಾರರ ಮನೆಯೊಂದರಿಂದ ಸೀರೆಯ ಚಿತ್ರವನ್ನು ಕೊಳ್ಳುವವರಿಗೆ ಕಳಿಸುತ್ತಾರೆ ಎಂದಿಟ್ಟುಕೊಳ್ಳೋಣ. (ನೆಗಮಂ ಹತ್ತಿ ಸೀರೆಗೆ 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ.) ಚಿತ್ರದ ಗಾತ್ರ ಮೂರು ಎಂಬಿ. ಅದು ಇಡಿಯಾಗಿ ಹೋಗುವುದಿಲ್ಲ. ಸುಮಾರು 1500 ಬೈಟ್‌ಗಳ ಚಿಕ್ಕ ಚಿಕ್ಕ ಪೊಟ್ಟಣಗಳಾಗಿ, ಅಂದರೆ ಪ್ಯಾಕೆಟ್‌ಗಳಾಗಿ ಒಡೆದು ಹೋಗುತ್ತದೆ. ಈ ಒಂದು ಚಿತ್ರಕ್ಕೆ ಎರಡು ಸಾವಿರಕ್ಕೂ ಹೆಚ್ಚು ಪ್ಯಾಕೆಟ್‌ಗಳು ಬೇಕು. ಒಂದೊಂದರ ಮೇಲೂ ಎಲ್ಲಿಂದ, ಎಲ್ಲಿಗೆ ಎಂಬ ವಿಳಾಸ ಇರುತ್ತದೆ.

ಹಿಂದೆ ಟ್ರಂಕ್ ಕಾಲ್ ಬುಕ್ ಮಾಡುತ್ತಿದ್ದ ಕಾಲ ನೆನಪಿರುವವರಿಗೆ ವ್ಯತ್ಯಾಸ ತಕ್ಷಣ ತಿಳಿಯುತ್ತದೆ. ಆಗ ನೀವು ಮಾತನಾಡುವಷ್ಟು ಹೊತ್ತು ಇಡೀ ತಂತಿ ನಿಮಗೇ ಮೀಸಲು. ನೀವು ಸುಮ್ಮನಿದ್ದರೂ ಬೇರೆಯವರಿಗೆ ಅದು ಸಿಗುತ್ತಿರಲಿಲ್ಲ. ಪ್ಯಾಕೆಟ್ ಪದ್ಧತಿಯಲ್ಲಿ ಒಂದೇ ತಂತಿಯಲ್ಲಿ ನಿಮ್ಮ ಸೀರೆಯ ಚಿತ್ರ, ಪಕ್ಕದ ಮನೆಯವರ ಸಿನಿಮಾ, ಬ್ಯಾಂಕಿನ ಲೆಕ್ಕ ಎಲ್ಲವೂ ಬೆರೆತು ಹೋಗಬಹುದು. 1960ರ ದಶಕದಲ್ಲಿ ಅಮೆರಿಕದ ಪಾಲ್ ಬರನ್, ಇಂಗ್ಲೆಂಡಿನ ಡೊನಾಲ್ಡ್ ಡೇವಿಸ್ ಬೇರೆಬೇರೆಯಾಗಿ ಯೋಚಿಸಿದ್ದು ಇದನ್ನೇ. 1969ರಲ್ಲಿ ಅರ್ಪಾನೆಟ್ ಆರಂಭವಾಯಿತು. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ.

ಪ್ಯಾಕೆಟ್‌ಗಳು ದಾರಿಯಲ್ಲಿ ಕಳೆದು ಹೋಗುವುದುಂಟು, ಹಿಂದುಮುಂದಾಗುವುದೂ ಉಂಟು. ಅದಕ್ಕೆ ಎರಡು ಬಗೆಯ ನಿಯಮಗಳಿವೆ. ಟಿಸಿಪಿ ಎಂಬುದು ಅಕ್ನಾಲೆಜ್‌ಮೆಂಟ್ ಕಾರ್ಡು ಹಚ್ಚಿದ ರಿಜಿಸ್ಟರ್ ಅಂಚೆಯಂತೆ (ಆ ರಿಜಿಸ್ಟರ್ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಯಿತು, ಆದರೂ ಹೋಲಿಕೆ ನಡೆಯುತ್ತದೆ). ತಲುಪಿತು ಎಂಬ ಮರುತ್ತರ ಬಾರದಿದ್ದರೆ ಅದೇ ಪ್ಯಾಕೆಟ್ ಮತ್ತೆ ಹೋಗುತ್ತದೆ. ಹಣದ ವ್ಯವಹಾರ, ಮಿಂಚಂಚೆ, ಕಡತ ಎಲ್ಲಕ್ಕೂ ಇದೇ ಬೇಕು. ಯುಡಿಪಿ ಎಂಬುದು ಬರಿಯ ಕಾರ್ಡಿನಂತೆ. ಹಾಕಿದ್ದೇ ಸರಿ, ತಲುಪಿದರೆ ತಲುಪಿತು. ವೀಡಿಯೋ ಕರೆಯಲ್ಲಿ ಕಳೆದುಹೋದ ಅರೆಕ್ಷಣದ ಚಿತ್ರವನ್ನು ಮತ್ತೆ ತರಿಸಿಕೊಂಡು ಪ್ರಯೋಜನವಿಲ್ಲವಲ್ಲ, ಅಂಥ ಕಡೆ ಯುಡಿಪಿ.

ವಿಳಾಸ: ಪಿನ್ ಕೋಡಿನಿಂದ ಐಪಿಯವರೆಗೆ

ಪೊಳ್ಳಾಚಿಯ ಪಿನ್ ಕೋಡ್ 642001. ಮೊದಲ ಅಂಕಿ 6 ನೋಡಿದೊಡನೆ ಅಂಚೆಯವರಿಗೆ ತಮಿಳುನಾಡು, ಕೇರಳದ ಕಡೆಯದು ಎಂದು ಗೊತ್ತಾಗುತ್ತದೆ. 642 ನೋಡಿದರೆ ಪೊಳ್ಳಾಚಿ, ಉಡುಮಲೈ ಸುತ್ತಿನದು. ಕಡೆಯ ಅಂಕಿಗಳು ಬೇಕಾಗುವುದು ಇಲ್ಲಿಗೆ ಬಂದ ಮೇಲೆ. ದಿಲ್ಲಿಯ ಅಂಚೆ ಕಚೇರಿಗೆ ಆನೈಮಲೈ ಎಲ್ಲಿದೆ ಎಂದು ಗೊತ್ತಿರಬೇಕಾಗಿಲ್ಲ. ಐಪಿ ವಿಳಾಸವೂ ಹೀಗೆಯೇ. ವಿಳಾಸದ ಮುಂಭಾಗ ಯಾವ ಜಾಲ ಎಂಬುದನ್ನೂ ಹಿಂಭಾಗ ಆ ಜಾಲದೊಳಗೆ ಯಾವ ಯಂತ್ರ ಎಂಬುದನ್ನೂ ಹೇಳುತ್ತದೆ. ಎಲ್ಲಿಯವರೆಗೆ ಮುಂಭಾಗ ಎಂದು ತೋರಿಸಲು ವಿಳಾಸದ ಕೊನೆಗೆ /16, /24 ಎಂದು ಬರೆಯುತ್ತಾರೆ. /24 ಎಂದರೆ ಒಳಗೆ 256 ವಿಳಾಸ. ಮೊದಲನೆಯದು, ಕೊನೆಯದು ಎರಡನ್ನು ಬಿಟ್ಟರೆ ಉಪಯೋಗಕ್ಕೆ 254.

ಹಳೆಯ ಐಪಿ ವಿಳಾಸ, ಅಂದರೆ ನಾಲ್ಕನೇ ಆವೃತ್ತಿಯದು, 32 ಬಿಟ್‌ಗಳದ್ದು. ಒಟ್ಟು ಸುಮಾರು 429 ಕೋಟಿ ವಿಳಾಸ ಮಾತ್ರ. ಜಗತ್ತಿನ ಮೊಬೈಲುಗಳಿಗೇ ಇದು ಸಾಲದು. ಜಾಗತಿಕ ಕಣಜ 2011ರ ಫೆಬ್ರವರಿಯಲ್ಲೇ ಬರಿದಾಯಿತು. ಅದಕ್ಕೆ 128 ಬಿಟ್‌ಗಳ ಆರನೇ ಆವೃತ್ತಿ ಬಂದಿದೆ. ಆದರೆ ಹಳೆಯದೂ ಹೊಸದೂ ನೇರವಾಗಿ ಮಾತನಾಡಲಾರವು. ಪೊಳ್ಳಾಚಿಯ ರೈಲು ದಾರಿ ಮೀಟರ್ ಗೇಜ್ ಆಗಿದ್ದ ಕಾಲವನ್ನು ನೆನೆಸಿಕೊಳ್ಳಿ. ಬ್ರಾಡ್ ಗೇಜ್ ವ್ಯಾಗನ್ ಈ ಹಳಿಯ ಮೇಲೆ ಬರುವಂತಿರಲಿಲ್ಲ, ಸರಕನ್ನು ಇಳಿಸಿ ಬೇರೆ ವ್ಯಾಗನ್ನಿಗೆ ಏರಿಸಬೇಕಿತ್ತು. ಅಂಥದೇ ಕೆಲಸ ಈಗ ಜಾಲದಲ್ಲಿ ನಡೆಯುತ್ತಿದೆ. ಹಳಿ ಬದಲಾಯಿಸಲು ರೈಲ್ವೆಗೆ ಕೆಲವು ವರ್ಷ ಸಾಕಾಯಿತು. ಜಾಲದವರಿಗೆ ಇನ್ನೂ ಮುಗಿದಿಲ್ಲ.

ವಿಳಾಸದ ಬರಗಾಲಕ್ಕೆ ಇನ್ನೊಂದು ಉಪಾಯವೂ ಇದೆ. ನಿಮ್ಮ ಮನೆಯ ವೈಫೈಯಲ್ಲಿ ಮೊಬೈಲಿನ ವಿಳಾಸ ನೋಡಿದರೆ 192.168 ಎಂದು ಶುರುವಾಗುವ ಸಂಖ್ಯೆ ಕಾಣಬಹುದು. ಇದು ಮನೆಯೊಳಗಿನ ಹೆಸರು. ಪ್ರತಿ ಮನೆಯಲ್ಲೂ ಒಬ್ಬ "ದೊಡ್ಡಪ್ಪ" ಇದ್ದಂತೆ, ಲಕ್ಷಾಂತರ ಮನೆಗಳಲ್ಲಿ ಇದೇ ಸಂಖ್ಯೆ ಇದೆ. ಹೊರಗೆ ಹೋಗುವಾಗ ಮನೆಯ ರೂಟರ್ ಈ ಹೆಸರನ್ನು ತೆಗೆದು ಹೊರಗಿನ ವಿಳಾಸ ಹಚ್ಚುತ್ತದೆ, ಉತ್ತರ ಬಂದಾಗ ಯಾರದ್ದು ಎಂದು ನೆನಪಿಟ್ಟು ಒಳಗೆ ಕೊಡುತ್ತದೆ. ನ್ಯಾಟ್ ಎಂದು ಕರೆಯುವುದು ಇದನ್ನೇ. ಈಗ ಅನೇಕ ಕಂಪನಿಗಳು ಇದೇ ಕೆಲಸವನ್ನು ತಮ್ಮ ಕಡೆಯೂ ಇನ್ನೊಮ್ಮೆ ಮಾಡಿ, ಹತ್ತಾರು ಮನೆಗಳಿಗೆ ಸೇರಿ ಒಂದೇ ಹೊರ ವಿಳಾಸ ಕೊಡುತ್ತವೆ.

ಇದರಿಂದ ನಮಗೇನು ಎಂದರೆ, ಒಂದು ನಿಜವಾದ ತೊಂದರೆ ಇದೆ. ತೆಂಗಿನ ತೋಪಿನಲ್ಲಿ ಕ್ಯಾಮೆರಾ ಹಾಕಿಸಿ ಮನೆಯಿಂದ ನೋಡಬೇಕು ಎನ್ನುವವರು ಹೆಚ್ಚಾಗಿದ್ದಾರೆ. ತೋಪಿನಲ್ಲಿರುವ ಸಿಮ್ಮಿಗೆ ಸ್ವಂತ ಹೊರ ವಿಳಾಸ ಇಲ್ಲದಿದ್ದರೆ ನೀವು ಹೊರಗಿನಿಂದ ನೇರವಾಗಿ ಅದನ್ನು ಕರೆಯಲಾರಿರಿ. ಹಾಗಾಗಿ ಕ್ಯಾಮೆರಾವೇ ಮೊದಲು ಕಂಪನಿಯ ಕ್ಲೌಡ್ ಸರ್ವರಿಗೆ ಕರೆ ಮಾಡಿಕೊಂಡಿರುತ್ತದೆ, ನೀವೂ ಅಲ್ಲಿಗೇ ಕರೆ ಮಾಡುತ್ತೀರಿ, ಇಬ್ಬರನ್ನೂ ಅದು ಜೋಡಿಸುತ್ತದೆ. ತೋಪು ಮನೆಯಿಂದ ಎರಡು ಕಿಲೋಮೀಟರ್ ದೂರ, ಚಿತ್ರ ಮಾತ್ರ ಬೇರೆ ದೇಶಕ್ಕೆ ಹೋಗಿ ಬರುತ್ತಿರಬಹುದು. ಕ್ಯಾಮೆರಾ ಕೊಳ್ಳುವಾಗ ಸರ್ವರ್ ಎಲ್ಲಿದೆ, ಮಾಸಿಕ ಹಣ ಕಟ್ಟುವುದು ನಿಲ್ಲಿಸಿದರೆ ಚಿತ್ರ ಏನಾಗುತ್ತದೆ ಎಂಬ ಎರಡು ಪ್ರಶ್ನೆ ಕೇಳಿ. ಅಂಗಡಿಯವರಿಗೆ ಉತ್ತರ ಗೊತ್ತಿಲ್ಲದಿದ್ದರೆ ಕೆಮೆರಾದೊಳಗೇ ಮೆಮೊರಿ ಕಾರ್ಡು ಹಾಕುವಂಥದ್ದನ್ನು ಆರಿಸುವುದು ಮೇಲು ಎಂದು ನನ್ನ ಅನಿಸಿಕೆ.

ಸ್ವಿಚ್ಚು, ರೂಟರ್ ಮತ್ತು ನಮ್ಮ ವಾಯ್ಕಾಲು

ಸ್ವಿಚ್ ಎಂಬುದು ಒಂದೇ ಜಾಲದೊಳಗಿನ ಯಂತ್ರಗಳನ್ನು ಕೂಡಿಸುತ್ತದೆ. ಪ್ರತಿ ಯಂತ್ರದ ಜಾಲ ಕಾರ್ಡಿಗೂ ಕಾರ್ಖಾನೆಯಲ್ಲೇ ಕೊಟ್ಟ 48 ಬಿಟ್‌ಗಳ ಮ್ಯಾಕ್ ವಿಳಾಸವಿರುತ್ತದೆ. ಯಾವ ತೂತಿನಲ್ಲಿ ಯಾವ ಮ್ಯಾಕ್ ಇದೆ ಎಂದು ಸ್ವಿಚ್ ತಾನೇ ಕಲಿತುಕೊಳ್ಳುತ್ತದೆ. ರೂಟರ್ ಎಂಬುದು ಬೇರೆ ಬೇರೆ ಜಾಲಗಳ ನಡುವೆ ದಾರಿ ತೋರಿಸುತ್ತದೆ.

ಪರಂಬಿಕುಳಂ ಆಳಿಯಾರ್ ಯೋಜನೆಯ ನೀರು ಹೇಗೆ ಬರುತ್ತದೆ ಎಂಬುದು ನಮ್ಮ ರೈತರಿಗೆ ಬಾಯಿಪಾಠ. ಪರಂಬಿಕುಳದಿಂದ ತೂಣಕಡವು, ಅಲ್ಲಿಂದ ಸರ್ಕಾರ್‌ಪತಿ ವಿದ್ಯುದಾಗಾರ, ಅಲ್ಲಿಂದ ಬೆಟ್ಟದ ಸೆರಗಿನ ಕಾಂಟೂರ್ ಕಾಲುವೆಯಲ್ಲಿ ತಿರುಮೂರ್ತಿ ಅಣೆ, ಆಮೇಲೆ ದೊಡ್ಡ ವಾಯ್ಕಾಲು, ಕವಲು ವಾಯ್ಕಾಲು, ಹೊಲದ ಬಾಯಿ. ಪ್ರತಿ ಕವಲಿನಲ್ಲೂ ತೂಬು ಇದೆ. ಜಾಲದಲ್ಲಿ ಆ ತೂಬಿನ ಜಾಗದಲ್ಲಿ ರೂಟರ್ ಇದೆ ಎನ್ನಬಹುದು. ಒಂದೇ ವ್ಯತ್ಯಾಸ, ತೂಬು ನೀರಿನ ಹನಿಯ ಮೇಲೆ ಬರೆದ ವಿಳಾಸ ಓದುವುದಿಲ್ಲ. ರೂಟರ್ ಪ್ರತಿ ಪ್ಯಾಕೆಟ್ಟಿನ ವಿಳಾಸ ಓದಿ, ತನ್ನಲ್ಲಿರುವ ಪಟ್ಟಿ ನೋಡಿ, ಮುಂದಿನ ರೂಟರಿಗೆ ದಾಟಿಸುತ್ತದೆ. ಪೂರ್ತಿ ದಾರಿ ಯಾವ ರೂಟರಿಗೂ ಗೊತ್ತಿಲ್ಲ, ಮುಂದಿನ ಹೆಜ್ಜೆ ಮಾತ್ರ ಗೊತ್ತು.

ಕಡೈಮಡೈ ರೈತರ ಗೋಳು ಜಾಲದಲ್ಲೂ ಉಂಟು. ಕಂಪನಿ "100 ಎಂಬಿಪಿಎಸ್" ಎಂದು ಹೇಳಿದ್ದು ನಿಮ್ಮ ಮನೆಯ ಬಾಯಿಯ ಅಗಲ. ಹಿಂದಿನ ದೊಡ್ಡ ವಾಯ್ಕಾಲನ್ನು ನೂರಾರು ಮನೆಗಳು ಹಂಚಿಕೊಂಡಿವೆ. ರಾತ್ರಿ ಎಂಟರಿಂದ ಹತ್ತರವರೆಗೆ ಎಲ್ಲರೂ ಸಿನಿಮಾ ಹಚ್ಚಿದರೆ ಕಡೆಯವರಿಗೆ ತೊಟ್ಟಿಕ್ಕುವುದೇ ಗತಿ. ನೀರಿಗಾದರೋ ವಲಯದ ಸರದಿ ಇದೆ, ಇಲ್ಲಿ ಅದೂ ಇಲ್ಲ.

ಇನ್ನು ಕಂಪನಿ ಕಂಪನಿಗಳ ನಡುವಿನ ಸಂಗತಿ. ಅಂತರ್ಜಾಲಕ್ಕೆ ಒಬ್ಬ ಯಜಮಾನ ಇಲ್ಲ. ಸಾವಿರಾರು ಸ್ವತಂತ್ರ ಜಾಲಗಳು ಒಪ್ಪಂದ ಮಾಡಿಕೊಂಡು "ಈ ವಿಳಾಸಗಳಿಗೆ ದಾರಿ ನನ್ನ ಮೂಲಕ ಇದೆ" ಎಂದು ಒಂದಕ್ಕೊಂದು ಸಾರಿಕೊಳ್ಳುತ್ತವೆ. ಈ ಸಾರುವ ಭಾಷೆಯ ಹೆಸರು ಬಿಜಿಪಿ. ತಮಿಳುನಾಡು, ಕೇರಳ 1970ರಲ್ಲಿ ಸಹಿ ಹಾಕಿದ ನೀರಿನ ಒಪ್ಪಂದದಂತೆ ಇದರಲ್ಲೂ ಯಾರು ಯಾರಿಗೆ ಎಷ್ಟು ಬಿಡಬೇಕು, ಯಾರು ಹಣ ಕೊಡಬೇಕು ಎಂಬ ಲೆಕ್ಕಾಚಾರ ಇರುತ್ತದೆ. ಒಂದು ಕಾಲದಲ್ಲಿ ನಮ್ಮ ದೇಶದ ಎರಡು ಕಂಪನಿಗಳ ಗ್ರಾಹಕರು ಒಬ್ಬರಿಗೊಬ್ಬರು ಪತ್ರ ಬರೆದರೂ ಅದು ಅಮೆರಿಕಕ್ಕೆ ಹೋಗಿ ಬರುವುದಿತ್ತು. ಅದನ್ನು ತಪ್ಪಿಸಲು 2003ರಲ್ಲಿ ನಿಕ್ಸಿ ಎಂಬ ವಿನಿಮಯ ಕೇಂದ್ರವನ್ನು ಸ್ಥಾಪಿಸಲಾಯಿತು.

ಹೆಸರು ಮತ್ತು ಸಂಖ್ಯೆ

ಸಂಖ್ಯೆಗಳನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ನಾವು ಹೆಸರು ಬರೆಯುತ್ತೇವೆ, ಡಿಎನ್ಎಸ್ ಎಂಬ ವ್ಯವಸ್ಥೆ ಅದಕ್ಕೆ ಸಂಖ್ಯೆ ಹುಡುಕಿ ಕೊಡುತ್ತದೆ, ಮೊಬೈಲಿನ ಸಂಪರ್ಕ ಪಟ್ಟಿಯ ಹಾಗೆ. ಹೆಸರಿನ ಕೊನೆಗೆ ಡಾಟ್ ಕಾಮ್ ಇದ್ದಂತೆ ಕನ್ನಡದಲ್ಲಿ .ಭಾರತ ಇದೆ, ತಮಿಳಿನಲ್ಲಿ .ಇಂದಿಯಾ ಇದೆ. ಎರಡು ಭಾಷೆಯ ನಮ್ಮಂಥವರಿಗೆ ಇದು ಖುಷಿಯ ವಿಷಯವೇ. ಆದರೆ ಬಳಸುವವರು ಇನ್ನೂ ಕಡಿಮೆ.

ಹೆಸರಿನ ವ್ಯವಸ್ಥೆ ಕೆಟ್ಟರೆ ಎಲ್ಲವೂ ಕೆಟ್ಟಂತೆ ಕಾಣುತ್ತದೆ. 2021ರ ಅಕ್ಟೋಬರ್ 4ರ ರಾತ್ರಿ ವಾಟ್ಸಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ನಿಂತುಹೋದದ್ದು ನೆನಪಿದೆಯಲ್ಲವೇ? ಆ ದಿನ ಯಾವ ಸರ್ವರೂ ಸುಟ್ಟುಹೋಗಿರಲಿಲ್ಲ. ರಿಪೇರಿ ಕೆಲಸದ ವೇಳೆ ಕೊಟ್ಟ ಒಂದು ಆಜ್ಞೆಯಿಂದ ಕಂಪನಿಯ ದತ್ತಾಂಶ ಕೇಂದ್ರಗಳ ನಡುವಿನ ಬೆನ್ನೆಲುಬು ಜಾಲ ಕಡಿದುಹೋಯಿತು. ಕೇಂದ್ರಗಳನ್ನು ತಲುಪಲಾಗದ ಡಿಎನ್ಎಸ್ ಯಂತ್ರಗಳು ತಮ್ಮ ದಾರಿಯ ಸಾರಿಕೆಯನ್ನು ತಾವೇ ಹಿಂತೆಗೆದುಕೊಂಡವು. ಹೊರಗಿನವರ ಪಾಲಿಗೆ ಆ ಹೆಸರುಗಳೇ ಇಲ್ಲದಂತಾಯಿತು. ಸರಿಪಡಿಸಬೇಕಾದ ಎಂಜಿನಿಯರುಗಳ ಸಲಕರಣೆಗಳೂ ಅದೇ ಜಾಲವನ್ನು ನಂಬಿಕೊಂಡಿದ್ದವು. 2025ರ ಅಕ್ಟೋಬರ್ 20ರಂದು ಅಮೆಜಾನ್ ಕ್ಲೌಡಿನ ಅಮೆರಿಕದ ವರ್ಜೀನಿಯ ಕೇಂದ್ರದಲ್ಲಿ ಆದ ಗೊಂದಲವೂ ಡಿಎನ್ಎಸ್ ದಾಖಲೆಯೊಂದು ತಪ್ಪಿದ್ದರಿಂದ ಶುರುವಾದದ್ದು.

ದೂರದ ಲೆಕ್ಕ

ಗಾಜಿನ ಎಳೆಯಲ್ಲಿ, ಅಂದರೆ ಆಪ್ಟಿಕಲ್ ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಪೊಳ್ಳಾಚಿಯಿಂದ ಚೆನ್ನೈ ನೇರ ಗೆರೆಯಲ್ಲಿ ಸುಮಾರು 450 ಕಿ.ಮೀ. ಹೋಗಿ ಬರಲು ಕನಿಷ್ಠ ನಾಲ್ಕೂವರೆ ಮಿಲಿಸೆಕೆಂಡು ಬೇಕು. ಮುಂಬಯಿಗೆ ಹತ್ತು. ಅಮೆರಿಕದ ವರ್ಜೀನಿಯಕ್ಕೆ ಸುಮಾರು 140. ಎಳೆ ನೇರವಾಗಿ ಹೋಗುವುದಿಲ್ಲ, ರಸ್ತೆ, ರೈಲು ಹಳಿ, ಸಮುದ್ರದ ತಳ ಹಿಡಿದು ಸುತ್ತಿ ಹೋಗುತ್ತದೆ. ನಡುವೆ ರೂಟರುಗಳಲ್ಲೂ ಹೊತ್ತು ಹೋಗುತ್ತದೆ. ಆದ್ದರಿಂದ ನಿಜವಾದ ಸಂಖ್ಯೆ ಇನ್ನೂ ಹೆಚ್ಚು. ಎಷ್ಟು ಹಣ ಕೊಟ್ಟು ಎಷ್ಟು ವೇಗದ ಸಂಪರ್ಕ ಕೊಂಡರೂ ಈ ವಿಳಂಬವನ್ನು ತಗ್ಗಿಸಲಾಗದು. ವಾಯ್ಕಾಲನ್ನು ಅಗಲ ಮಾಡಬಹುದು, ಅಣೆಯನ್ನು ಹತ್ತಿರ ತರಲಾದೀತೆ?

ಅಣೆಯನ್ನೇ ಹತ್ತಿರ ತಂದದ್ದು ದೊಡ್ಡ ಕಂಪನಿಗಳು. ಮೈಕ್ರೋಸಾಫ್ಟ್ 2015ರಲ್ಲಿ ಪುಣೆ, ಚೆನ್ನೈ, ಮುಂಬಯಿಯಲ್ಲಿ ಕ್ಲೌಡ್ ವಲಯ ತೆರೆಯಿತು. ಅಮೆಜಾನ್ 2016ರಲ್ಲಿ ಮುಂಬಯಿ, 2022ರಲ್ಲಿ ಹೈದರಾಬಾದ್. ಗೂಗಲ್ 2017ರಲ್ಲಿ ಮುಂಬಯಿ, 2021ರಲ್ಲಿ ದಿಲ್ಲಿ. ಸರ್ಕಾರದ ಎನ್ಐಸಿ ಸಂಸ್ಥೆಗೆ ಹೈದರಾಬಾದ್, ಪುಣೆ, ದಿಲ್ಲಿ, ಭುವನೇಶ್ವರದಲ್ಲಿ ರಾಷ್ಟ್ರೀಯ ದತ್ತಾಂಶ ಕೇಂದ್ರಗಳಿವೆ. ರಾಜ್ಯ ಸರ್ಕಾರಗಳಿಗೂ ತಮ್ಮದೇ ರಾಜ್ಯ ದತ್ತಾಂಶ ಕೇಂದ್ರ ಇರುತ್ತದೆ. ತಮಿಳುನಾಡಿನದು ಚೆನ್ನೈಯಲ್ಲಿ, ಕರ್ನಾಟಕದ್ದು ಬೆಂಗಳೂರಿನಲ್ಲಿ. ಕರ್ನಾಟಕದ ನೆಂಟರು ಭೂಮಿ ಯೋಜನೆಯ ಪಹಣಿ ತೆಗೆಯುವುದೂ ನಾವು ಪಟ್ಟಾ ತೆಗೆಯುವುದೂ ಕೆಲಸ ಒಂದೇ, ತಲುಪಬೇಕಾದ ಕಟ್ಟಡ ಬೇರೆ.

ಹೊರದೇಶದ ದಾರಿ ಸಮುದ್ರದ ಕೇಬಲ್. ನಮಗೆ ಹತ್ತಿರದ ಕೇಬಲ್ ದಡ ಕೊಚ್ಚಿ, ನೇರ ಗೆರೆಯಲ್ಲಿ 110 ಕಿ.ಮೀ. ಆಸುಪಾಸು. ಆಫ್ರಿಕ, ಮಲೇಷ್ಯಗಳನ್ನು ಕೂಡಿಸುವ ಸೇಫ್ ಕೇಬಲ್ 2002ರಿಂದ ಅಲ್ಲಿಗೆ ಬಂದಿದೆ. ಚೆನ್ನೈಗೆ ಇನ್ನೂ ಹೆಚ್ಚು ಕೇಬಲ್‌ಗಳು ಬರುತ್ತವೆ. ಸಿಂಗಪುರಕ್ಕೆ ಹೋಗುವ ಐಟುಐ 2002ರದು. ಚೆನ್ನೈಯಿಂದ ಅಂಡಮಾನಿಗೆ ಸುಮಾರು 2,300 ಕಿ.ಮೀ. ಕೇಬಲ್ 2020ರಲ್ಲಿ ಉದ್ಘಾಟನೆಯಾಯಿತು. 2008ರ ಜನವರಿ ಕೊನೆಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯ ಬಳಿ ಕೇಬಲ್‌ಗಳು ತುಂಡಾದಾಗ ಭಾರತದಲ್ಲೂ ಅಂತರ್ಜಾಲ ತೆವಳತೊಡಗಿತು. 2024ರ ಫೆಬ್ರವರಿಯಲ್ಲಿ ಕೆಂಪು ಸಮುದ್ರದಲ್ಲೂ ಕೆಲವು ಕೇಬಲ್ ತುಂಡಾದವು. ಆದರೆ ಪಟ್ಟಾ ನಕಲು ಬಾರದಿದ್ದರೆ ಕೆಂಪು ಸಮುದ್ರವನ್ನು ದೂರಬೇಡಿ. ಆ ದಾರಿಯಲ್ಲಿ ಹೆಚ್ಚಾಗಿ ಅಡ್ಡ ಬರುವುದು ರಸ್ತೆ ಅಗೆಯುವ ಜೆಸಿಬಿ.

ಒಳಗಿನ ನೇಯ್ಗೆ

ದತ್ತಾಂಶ ಕೇಂದ್ರದೊಳಗೆ ಬೀರುವಿನಂಥ ರ‍್ಯಾಕ್‌ಗಳು ಸಾಲು ಸಾಲಾಗಿ ನಿಂತಿರುತ್ತವೆ. ಪ್ರತಿ ರ‍್ಯಾಕಿನಲ್ಲಿ ಹತ್ತಾರು ಸರ್ವರ್, ತಲೆಯ ಮೇಲೆ ಒಂದೋ ಎರಡೋ ಸ್ವಿಚ್. ಈ ಸ್ವಿಚ್ಚುಗಳನ್ನು ಹೇಗೆ ಕೂಡಿಸುವುದು ಎಂಬುದೇ ದೊಡ್ಡ ಪ್ರಶ್ನೆ. ಮೊದಲು ಮರದಂತೆ ಕೂಡಿಸುತ್ತಿದ್ದರು: ಎಲೆ, ಕೊಂಬೆ, ಕಾಂಡ. ಹೊರಗಿನ ಜನ ಬಂದು ಪುಟ ನೋಡಿಕೊಂಡು ಹೋಗುವ ಕಾಲಕ್ಕೆ ಅದು ಸರಿಯಿತ್ತು. ಆಮೇಲೆ ಒಳಗಿನ ಮಾತೇ ಹೆಚ್ಚಾಯಿತು. ನೀವು ಒಂದು ಟಿಕೆಟ್ ಬುಕ್ ಮಾಡಿದರೆ ಒಳಗೆ ಹಲವಾರು ಸರ್ವರ್‌ಗಳು ಒಂದನ್ನೊಂದು ಕೇಳಿಕೊಳ್ಳುತ್ತವೆ. ಎಲ್ಲವೂ ಕಾಂಡದ ಮೂಲಕವೇ ಹೋಗಬೇಕೆಂದರೆ ಅಲ್ಲಿ ನೂಕುನುಗ್ಗಲು.

ಈಗಿನ ಕ್ರಮವನ್ನು ದೇವಾಂಗರ ಮನೆಯವರಿಗೆ ವಿವರಿಸುವುದು ಬಲು ಸುಲಭ. ಮಗ್ಗದಲ್ಲಿ ಹಾಸಿನ ಪ್ರತಿ ಎಳೆಯನ್ನೂ ಹೊಕ್ಕಿನ ಪ್ರತಿ ಎಳೆ ದಾಟುತ್ತದೆ. ಹಾಗೆಯೇ ರ‍್ಯಾಕಿನ ಪ್ರತಿ ಸ್ವಿಚ್ಚಿನಿಂದಲೂ ಮೇಲಿನ ಸಾಲಿನ ಪ್ರತಿ ಸ್ವಿಚ್ಚಿಗೂ ಒಂದೊಂದು ಎಳೆ. ಕೆಳಗಿನವಕ್ಕೆ ಲೀಫ್, ಮೇಲಿನವಕ್ಕೆ ಸ್ಪೈನ್ ಎಂದು ಹೆಸರು. ಯಾವ ರ‍್ಯಾಕಿನಿಂದ ಯಾವ ರ‍್ಯಾಕಿಗೆ ಹೋದರೂ ಹೆಜ್ಜೆಗಳ ಸಂಖ್ಯೆ ಒಂದೇ. ಮೇಲಿನ ಸ್ವಿಚ್ ಒಂದು ಕೆಟ್ಟರೆ ಬಟ್ಟೆ ಸ್ವಲ್ಪ ತೆಳುವಾಗುತ್ತದೆ, ಹರಿಯುವುದಿಲ್ಲ. ಈ ಜೋಡಣೆಗೆ ಇಂಗ್ಲಿಷಿನಲ್ಲೂ ಫ್ಯಾಬ್ರಿಕ್ ಎಂದೇ ಹೆಸರು, ಅಂದರೆ ಬಟ್ಟೆ. ಮೂಲ ಲೆಕ್ಕಾಚಾರ ಬೆಲ್ ಲ್ಯಾಬ್ಸಿನ ಚಾರ್ಲ್ಸ್ ಕ್ಲೋಸ್ 1953ರಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿಗಾಗಿ ಮಾಡಿದ್ದು.

ಎಲ್ಲವೂ ಎರಡೆರಡು ಎಂಬುದು ಇಲ್ಲಿನ ಇನ್ನೊಂದು ನಿಯಮ. ಎರಡು ವಿದ್ಯುತ್ ದಾರಿ, ಯುಪಿಎಸ್, ಡೀಸೆಲ್ ಜನರೇಟರ್, ಎರಡು ದಿಕ್ಕಿನಿಂದ ಬರುವ ಕೇಬಲ್. 2015ರ ಡಿಸೆಂಬರಿನ ಚೆನ್ನೈ ಪ್ರವಾಹದಲ್ಲಿ ದೂರವಾಣಿ, ಅಂತರ್ಜಾಲ ಅಸ್ತವ್ಯಸ್ತವಾದದ್ದನ್ನು ಕಂಡವರಿಗೆ ಒಂದೇ ಊರನ್ನು ನಂಬಬಾರದೆಂದು ಹೇಳಬೇಕಾಗಿಲ್ಲ. ಕ್ಲೌಡ್ ಕಂಪನಿಗಳು ಒಂದು ವಲಯದಲ್ಲೇ ಬೇರೆ ಬೇರೆ ವಿದ್ಯುತ್ತು ಇರುವ ಹಲವು ಕೇಂದ್ರಗಳನ್ನು ಇಟ್ಟಿರುತ್ತವೆ. ಆದರೆ ನೀವು ಹೇಳಿ ಹಣ ಕೊಟ್ಟರೆ ಮಾತ್ರ ನಿಮ್ಮ ಲೆಕ್ಕದ ನಕಲು ಎರಡನೇ ಕಡೆಯಲ್ಲಿ ಇರುತ್ತದೆ. ಕ್ಲೌಡಿನಲ್ಲಿದೆ, ಆದ್ದರಿಂದ ಹೋಗುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ.

ಒಂದೇ ಕಟ್ಟಡದಲ್ಲಿ ಸಾವಿರಾರು ಬಾಡಿಗೆದಾರರು ಇರುವಾಗ ಒಬ್ಬರ ಮನೆಗೆ ಇನ್ನೊಬ್ಬರು ನುಗ್ಗದಂತೆ ಗೋಡೆ ಬೇಕು. ಹಳೆಯ ಗೋಡೆ ವಿಎಲ್ಎಎನ್, ಅದರಲ್ಲಿ ನಾಲ್ಕು ಸಾವಿರ ಚಿಲ್ಲರೆ ಕೋಣೆ ಮಾತ್ರ ಕಟ್ಟಬಹುದು. ಕ್ಲೌಡಿಗೆ ಅದು ಸಾಲದು. ವಿಎಕ್ಸ್‌ಲ್ಯಾನ್ ಎಂಬ ಹೊಸ ಕ್ರಮದಲ್ಲಿ 1.67 ಕೋಟಿ ಕೋಣೆ ಸಾಧ್ಯ. ಬಾಡಿಗೆದಾರನ ಪ್ಯಾಕೆಟ್ಟನ್ನು ಇನ್ನೊಂದು ಪ್ಯಾಕೆಟ್ಟಿನೊಳಗೆ ಇಟ್ಟು ಕಳಿಸುತ್ತಾರೆ, ಲಕೋಟೆಯೊಳಗೆ ಲಕೋಟೆ. ಹೀಗೆ ಸಿಗುವ ಸ್ವಂತ ಖಾಸಗಿ ಜಾಲದಲ್ಲಿ ವಿಳಾಸ ನಿಮ್ಮಿಷ್ಟ. ಇಲ್ಲೇ ಹಲವರು ಎಡವುತ್ತಾರೆ. ಅಂಗಡಿಯಲ್ಲೂ 192.168.1, ಕ್ಲೌಡಿನಲ್ಲೂ 192.168.1 ಇಟ್ಟುಕೊಂಡರೆ ಮುಂದೆ ಎರಡನ್ನೂ ವಿಪಿಎನ್ ಮೂಲಕ ಕೂಡಿಸುವಾಗ ಯಾವುದು ಎಲ್ಲಿಯದು ಎಂದು ರೂಟರಿಗೆ ತಿಳಿಯುವುದಿಲ್ಲ. ಒಂದೇ ಬೀದಿಯಲ್ಲಿ ಎರಡು ಮನೆಗೆ ಒಂದೇ ಕದ ನಂಬರು.

ಬಾಗಿಲಿನ ವಿಷಯವೂ ಹೇಳಬೇಕು. ಪ್ರತಿ ಸರ್ವರಿಗೂ ಪೋರ್ಟ್ ಎಂಬ ಸಂಖ್ಯೆಯ ಬಾಗಿಲುಗಳಿವೆ. ಸುರಕ್ಷಿತ ಜಾಲತಾಣಕ್ಕೆ 443. ದೂರದಿಂದ ವಿಂಡೋಸ್ ಗಣಕ ನಡೆಸಲು 3389. ಬಿಲ್ಲಿಂಗ್ ತಂತ್ರಾಂಶ ಹಾಕಿಕೊಡುವವರು ತಮಗೆ ಸುಲಭವಾಗಲೆಂದು 3389ನ್ನು ಲೋಕಕ್ಕೆಲ್ಲ ತೆರೆದಿಟ್ಟು ಹೋಗುವುದುಂಟು. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಕಳ್ಳರು ಹುಡುಕುವುದು ಇದನ್ನೇ. "ಆ ಬಾಗಿಲು ಯಾರಿಗೆ ತೆರೆದಿದೆ?" ಎಂದು ನಿಮ್ಮ ತಂತ್ರಾಂಶದವರನ್ನು ಇವತ್ತೇ ಕೇಳಿ.

ಸಿಗಲಿಲ್ಲ ಎಂದಾಗ

ಮತ್ತೆ ಮೊದಲಿನ ಪ್ರಶ್ನೆಗೆ ಬರೋಣ. ಕಡಿದದ್ದು ಎಲ್ಲಿ ಎಂದು ಹುಡುಕುವುದು ಮನೆಯಿಂದ ಹೊರಕ್ಕೆ, ಹೆಜ್ಜೆ ಹೆಜ್ಜೆಯಾಗಿ. ಫೈಬರ್ ಪೆಟ್ಟಿಗೆಯಲ್ಲಿ ಎಲ್ಓಎಸ್ ಎಂಬ ಕೆಂಪು ದೀಪ ಉರಿಯುತ್ತಿದ್ದರೆ ಬೆಳಕೇ ಬರುತ್ತಿಲ್ಲ, ಎಳೆ ತುಂಡಾಗಿದೆ ಅಥವಾ ಬಾಗಿದೆ. ಪೆಟ್ಟಿಗೆಯನ್ನು ಹತ್ತು ಸಲ ಆರಿಸಿ ಹಚ್ಚಿದರೂ ಪ್ರಯೋಜನವಿಲ್ಲ, ಕಂಪನಿಗೆ ಹೇಳಲೇಬೇಕು. ದೀಪ ಸರಿಯಿದ್ದರೆ ಗಣಕದಲ್ಲಿ ಪಿಂಗ್ ಆಜ್ಞೆಯಿಂದ ಮನೆಯ ರೂಟರನ್ನು ಕರೆದು ನೋಡಿ, ಅದರ ವಿಳಾಸ ಸಾಮಾನ್ಯವಾಗಿ 192.168.1.1. ಉತ್ತರ ಬಾರದಿದ್ದರೆ ತೊಂದರೆ ಮನೆಯೊಳಗೇ. ಬಂದರೆ 8.8.8.8 ಎಂಬ ಗೂಗಲಿನ ವಿಳಾಸ ಕರೆಯಿರಿ. ಅದು ಸಿಕ್ಕಿ, ಹೆಸರು ಬರೆದರೆ ಮಾತ್ರ ಸಿಗದಿದ್ದರೆ ಡಿಎನ್ಎಸ್ ಕೆಟ್ಟಿದೆ. ಬೇರೆ ತಾಣಗಳೆಲ್ಲ ಬಂದು ಒಂದೇ ತಾಣ ಬಾರದಿದ್ದರೆ, ಮೊಬೈಲಿನ ಬೇರೆ ಕಂಪನಿಯ ಸಿಮ್ಮಿನಿಂದಲೂ ನೋಡಿ. ಅದರಲ್ಲೂ ಬಾರದಿದ್ದರೆ ಆಗ ಮಾತ್ರ "ಸರ್ವರ್ ಇಲ್ಲ" ಎಂಬ ಮಾತು ನಿಜವಿರಬಹುದು. ದಾರಿಯ ಒಂದೊಂದು ರೂಟರನ್ನೂ ತೋರಿಸುವ ಟ್ರೇಸರ್ಟ್ ಎಂಬ ಆಜ್ಞೆಯೂ ವಿಂಡೋಸಿನಲ್ಲಿದೆ. ನಡುವೆ ಕೆಲವು ನಕ್ಷತ್ರ ಚಿಹ್ನೆ ಕಂಡರೆ ಹೆದರಬೇಡಿ, ಕೆಲವು ರೂಟರುಗಳು ಉತ್ತರ ಕೊಡದೆ ಸುಮ್ಮನೆ ದಾಟಿಸುತ್ತವೆ.

ಅಂಗಡಿ, ಸೇವಾ ಕೇಂದ್ರ ನಡೆಸುವವರಿಗೆ ಎರಡು ಸಂಪರ್ಕ ಇದ್ದರೆ ಒಳ್ಳೆಯದು. ಎರಡೂ ಫೈಬರ್ ಆಗಿ ಒಂದೇ ಕಂಬದ ಮೇಲೆ ಬಂದರೆ ಒಂದು ಲಾರಿ ತಗುಲಿದರೆ ಎರಡೂ ಹೋಗುತ್ತವೆ. ಒಂದು ಫೈಬರ್, ಒಂದು ಮೊಬೈಲ್ ಇರಲಿ. ಐಪ್ಪಸಿ ಮಳೆಯ ಗುಡುಗಿಗೆ ಪೆಟ್ಟಿಗೆಯ ಪ್ಲಗ್ಗು ಕೀಳಿ. ಗಾಜಿನ ಎಳೆ ಸಿಡಿಲನ್ನು ಒಯ್ಯುವುದಿಲ್ಲ ನಿಜ, ಪಕ್ಕದ ವಿದ್ಯುತ್ ತಂತಿ ಒಯ್ಯುತ್ತದೆ. ನಮ್ಮ ಮನೆಯ ಪೆಟ್ಟಿಗೆ ಹೀಗೆಯೇ ಸುಟ್ಟಿತು.

ಕಲಿಯುವ ಮಕ್ಕಳಿಗೆ

ಪಾಲಿಟೆಕ್ನಿಕ್, ಡಿಗ್ರಿ ಮುಗಿಸಿದ ಮಕ್ಕಳು ಕ್ಲೌಡ್ ಕೋರ್ಸಿಗೆಂದು ಕೊಯಮತ್ತೂರಿಗೆ ಹೋಗಿ ಸಾವಿರಾರು ರೂಪಾಯಿ ಕಟ್ಟುತ್ತಾರೆ. ತಂದೆತಾಯಿಗಳು ತೆಂಗಿನ ಹಣವನ್ನೋ ಸಾಲದ ಹಣವನ್ನೋ ಕೊಡುತ್ತಾರೆ. ಕಟ್ಟುವ ಮೊದಲು ಒಂದು ಪರೀಕ್ಷೆ ಮಾಡಿಕೊಳ್ಳಿ: /26 ಜಾಲದಲ್ಲಿ ಎಷ್ಟು ವಿಳಾಸ ಉಪಯೋಗಕ್ಕೆ ಸಿಗುತ್ತವೆ ಎಂದು ಮಗ ಅಥವಾ ಮಗಳು ಕಾಗದ ಪೆನ್ನಿನಲ್ಲಿ ಲೆಕ್ಕ ಹಾಕಬಲ್ಲರೇ? (ಒಟ್ಟು 64, ಎರಡು ಕಳೆದರೆ 62. ಅಮೆಜಾನ್ ಕ್ಲೌಡಿನಲ್ಲಾದರೆ ಕಂಪನಿ ಐದನ್ನು ತನಗೆ ಇಟ್ಟುಕೊಳ್ಳುತ್ತದೆ, ಉಳಿಯುವುದು 59.) ಬಾರದಿದ್ದರೆ ಮೊದಲು ಇದನ್ನು ಕಲಿಯಲಿ, ಇದಕ್ಕೆ ಹಣ ಬೇಡ. ಐಐಟಿಗಳ ಎನ್‌ಪಿಟೆಲ್ ಪಾಠಗಳು ಅಂತರ್ಜಾಲದಲ್ಲಿ ಉಚಿತವಾಗಿವೆ. ಸಿಸ್ಕೋದ ಪ್ಯಾಕೆಟ್ ಟ್ರೇಸರ್ ತಂತ್ರಾಂಶದಲ್ಲಿ ರೂಟರ್ ಕೊಳ್ಳದೆಯೇ ಜಾಲ ಕಟ್ಟಿ ನೋಡಬಹುದು. ವೈರ್‌ಶಾರ್ಕ್ ಹಾಕಿಕೊಂಡರೆ ನಿಮ್ಮ ಮನೆಯ ಪ್ಯಾಕೆಟ್ಟುಗಳೇ ಕಣ್ಣಿಗೆ ಕಾಣುತ್ತವೆ. ಕ್ಲೌಡ್ ಕಂಪನಿಗಳ ಪರದೆ, ಗುಂಡಿಗಳ ಹೆಸರು ವರ್ಷ ವರ್ಷ ಬದಲಾಗುತ್ತವೆ. ವಿಳಾಸ, ದಾರಿ, ಹೆಸರು, ಬಾಗಿಲು ಈ ನಾಲ್ಕು ಸಂಗತಿಗಳು ನಲವತ್ತು ವರ್ಷಗಳಿಂದ ಹೆಚ್ಚು ಬದಲಾಗಿಲ್ಲ.

ಇನ್ನೊಂದು ಮಾತು. ದತ್ತಾಂಶ ಕೇಂದ್ರ ಎಷ್ಟೇ ದೊಡ್ಡದಾದರೂ ಒಳಗೆ ಕೆಲಸ ಮಾಡುವವರು ಒಂದು ಬಟ್ಟೆ ಗಿರಣಿಯಲ್ಲಿ ಇರುವಷ್ಟು ಜನ ಅಲ್ಲ. ಅವರಲ್ಲೂ ತಂತ್ರಾಂಶದವರಿಗಿಂತ ವಿದ್ಯುತ್ತು, ಜನರೇಟರ್, ಹವಾನಿಯಂತ್ರಣ, ಕೇಬಲ್ ಜೋಡಣೆ ಬಲ್ಲವರಿಗೆ ಕಟ್ಟಡದೊಳಗೆ ಹೆಚ್ಚು ಕೆಲಸ. ಐಟಿಐಯಲ್ಲಿ ಎಲೆಕ್ಟ್ರಿಷಿಯನ್, ಎಸಿ ಮೆಕ್ಯಾನಿಕ್ ಓದಿದ ಹುಡುಗರು ಫೈಬರ್ ಬೆಸೆಯುವ ಸ್ಪ್ಲೈಸಿಂಗ್ ಕೆಲಸವನ್ನೂ ಕಲಿತುಕೊಂಡರೆ ಅಂಬತ್ತೂರಿನ ಆ ಕಟ್ಟಡಗಳಲ್ಲಿ ಮಾತ್ರವಲ್ಲ, ಪೊಳ್ಳಾಚಿಯಲ್ಲಿ ಕೇಬಲ್ ತುಂಡಾದ ದಿನವೂ ಮೊದಲು ಫೋನು ಬರುವುದು ಅವರಿಗೇ.